ಉತ್ತರಕ್ಕೆ ಬಿಟ್ಟ ಜಾಗ

ಹಳದಿ, ರೆಪ್ಪೆಯ ಮೇಲೆಲ್ಲ ಹಳದಿ, ಪರಸಪ್ಪ ಪೂಜಾರಿ ಮುಷ್ಟಿ ತುಂಬ ಭಂಡಾರ ಎರಚಿದ್ದಾನೆ, ಕಣ್ಣು ಪಿಳುಕಿಸಿದರೆ ಉದುರುತ್ತದೆ, ಮೂಗಿನ ತುದಿಗೂ ಬಂದು ಕೂತಿದೆ, ಈಗ ಸೀನು ಬಂದರೆ ಏನು ಗತಿ, ದೆವ್ವ ಸೀನುತ್ತದೆಯೋ ಇಲ್ಲವೋ, ಸೀನಿದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ ಇವರು, ತಡೆದುಕೊಳ್ಳಬೇಕು — ಅವ್ವ ನನ್ನ ಎಡಗೈ ಹಿಡಿದಿದ್ದಾಳೆ, ಬಲಗೈ ಅಣ್ಣನ ಹೆಂಡತಿ, ವೈನಿ, ಹಿಡಿದಿದ್ದಾಳೆ, ನಾನೆಲ್ಲಿ ಓಡಿಹೋಗುತ್ತೇನೆ, ಯಂಕಂಚಿಯಿಂದ ಬಸ್ಸಿನಲ್ಲಿ ಬರುವಾಗಲೂ ಹೀಗೇ ಇಬ್ಬರ ನಡುವೆ ಒತ್ತಿ ಕೂರಿಸಿಕೊಂಡಿದ್ದರು, ಕಂಡಕ್ಟರ್ ಟಿಕೇಟು ಹರಿಯುತ್ತ ನನ್ನ ಮುಖ ನೋಡಿ ಅಮಾಸಿಗಿ ಹೊಂಟೀರೇನವ್ವಾ ಅಂದ, ಹೌದ್ರೀ ಯಪ್ಪಾ, ಮಗಳಿಗಿ ಗಾಳಿ ಬಡದೈತಿ, ಯಾವುದೋ ದೇಶದ ಮಾತ ಆಡಾಕತ್ತಾಳ ಅಂದಳು ಅವ್ವ, ಇಡೀ ಬಸ್ಸು ತಿರುಗಿ ನೋಡಿತು, ದೇವರ ಹಿಪ್ಪರಗಿ ಸಂತೆಗೆ ಹೊರಟಿದ್ದ ಒಬ್ಬಾಕೆ ತನ್ನ ಕೂಸನ್ನು ನನ್ನ ಕಡೆಯ ತೊಡೆಯಿಂದ ಆಚೆ ತೊಡೆಗೆ ಬದಲಿಸಿದಳು, ನಾನು ಸೆರಗಿನೊಳಗೆ ತಲೆ ತಗ್ಗಿಸಿದೆ, ಮಂದಿ ನೋಡಿದರೆ ನನಗೆ ನನ್ನ ಹೆಸರೂ ಬಾಯಿಗೆ ಬರುವುದಿಲ್ಲ, ಹುಟ್ಟಿನಿಂದ ಹಾಗೇ, ಅಂಥವಳ ಸುತ್ತ ಈಗ ಸಿದ್ಧನ ಗುಡಿಯ ಅಂಗಳ ತುಂಬ ಮಂದಿ, ಡೊಳ್ಳಿನವರು, ಕಾಯಿ ಹಿಡಿದವರು, ತಮ್ಮ ಸರದಿಗೆ ಕಾಯುತ್ತಿರುವ ಬೇರೆ ದೆವ್ವಗಳ ತಾಯಂದಿರು — ಯಾರ ನೀ, ಪರಸಪ್ಪ ಕೇಳುತ್ತಾನೆ, ನನ್ನನ್ನಲ್ಲ, ನನ್ನೊಳಗಿದೆ ಎಂದು ಅವ್ವ ಹೇಳಿದ ಅದನ್ನು, ಯಾರ ನೀ, ಯಾವೂರಾಕಿ, ಯಾಕ ಬಂದಿ, ಒಂದೊಂದೇ ಕೇಳುತ್ತಾನೆ, ಕೇಳಿ ಸುಮ್ಮನಾಗುತ್ತಾನೆ, ಬೆತ್ತ ನೆಲಕ್ಕೆ ಊರಿ ಕಾಯುತ್ತಾನೆ, ನಗು ಬರುತ್ತಿದೆ, ನಗಬಾರದು, ನಗು ಅಲ್ಲ ಇದು ಅಳು, ಯಾಕೆಂದರೆ ಮೊದಲ ಪಾಠ ಇದೇ, ನಿನ್ನ ಹೆಸರೇನು, ನೀನು ಎಲ್ಲಿಂದ ಬಂದಿದ್ದೀ, ರೇಡಿಯೋದಲ್ಲಿ ಪಾಠ ಹೇಳುವ ಅಕ್ಕೋರು ಕೇಳುತ್ತಿದ್ದದ್ದೂ ಇದನ್ನೇ, ಕೇಳಿ ಹೀಗೇ ಸುಮ್ಮನಾಗುತ್ತಿದ್ದರು, ಉತ್ತರ ನನ್ನ ನಾಲಿಗೆಯ ಮೇಲೆ ತಯಾರಿದೆ, ವರ್ಷದಿಂದ ತಯಾರಿದೆ, ಯಾರಾದರೂ ಕೇಳಲಿ ಎಂದು ಕಾದಿದ್ದೆ, ಕೇಳಿದವನು ಇವನು.

ರೇಡಿಯೋ ಸಿಕ್ಕಿದ್ದು ಉಣ್ಣೆಯ ಚೀಲದಲ್ಲಿ, ಹಿಂದಿನ ವರ್ಷ, ಎಪ್ಪತ್ತಾರರ ಮಳೆಗಾಲ ಮುಗಿಯುತ್ತಿದ್ದಾಗ, ಕಂಬಳಿಗೆ ನೂಲು ತೆಗೆಯಬೇಕೆಂದು ಕಪ್ಪು ಉಣ್ಣೆಗೆ ಕೈ ಹಾಕಿದರೆ ಗಟ್ಟಿಯಾದದ್ದು ತಾಗಿತು, ಎಳೆದರೆ ಕರಿ ತೊಗಲಿನ ಅಂಗಿ ತೊಟ್ಟ ಟ್ರಾನ್ಸಿಸ್ಟರ್, ಅಣ್ಣ ಸಿದ್ದರಾಯ ಬಾಗಿಲಲ್ಲಿ ನಿಂತಿದ್ದ, ಒಳಗೆ ಬಂದು ಕದ ಮುಂದಕ್ಕೆ ಹಾಕಿದ, ರಸ್ತೆ ಗ್ಯಾಂಗಿನ ಕೆಲಸದ ಅಣ್ಣ, ಉಂಡೆದ್ದರೂ ಕೈ ಡಾಂಬರು ನಾರುವ ಅಣ್ಣ, ಅದಕ್ಕೆ ಕೆಲವು ದಿನ ಮುಂಚೆ ಮುದ್ದೇಬಿಹಾಳದ ಕಡೆ ಕೆಲಸವಿದೆ ಎಂದು ಹೋಗಿ ಕಾಲು ಅಗಲಿಸಿ ನಡೆಯುತ್ತ ಬಂದಿದ್ದ, ಸೈಕಲ್ ಮ್ಯಾಲಿಂದ ಬಿದ್ದೆ ಅಂದಿದ್ದ, ಅವ್ವ ಇಟ್ಟಿಗೆ ಕಾಯಿಸಿ ಶಾಖ ಕೊಡಲು ಹೋದರೆ ಬ್ಯಾಡಂದ್ರ ಬ್ಯಾಡ ಎಂದು ಹೌಹಾರಿದ್ದ. ಆ ವರ್ಷ ಹೊಸ ಟ್ರಾನ್ಸಿಸ್ಟರ್ ಹೆಗಲಿಗೆ ಹಾಕಿ ಯಾವ ಗಂಡಸು ಬಂದರೂ ಕಟ್ಟೆಯ ಮೇಲಿನವರು ಬಿಡುತ್ತಿರಲಿಲ್ಲ, ಯಾವ ಕ್ಯಾಂಪಿಂದೋ ಮಾವಾ, ನಿಂದು ಹೋತು, ಇದರ ಧ್ವನಿಯಾರ ಚೊಲೊ ಐತೇನು ಎಂದು ತೊಡೆ ತಟ್ಟಿ ನಗುತ್ತಿದ್ದರು, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡವರಿಗೆ ಸಿಕ್ಕ ಇನಾಮು ಅದು ಎಂದು ಊರಿಗೆಲ್ಲ ಗೊತ್ತು, ಟಗರಿನ ಬೀಜ ಒಡೆಯುವುದನ್ನು ಹುಟ್ಟಿನಿಂದ ನೋಡಿದ ಕುರಿಯವರ ಮನೆಯ ಮಗ ನನ್ನ ಅಣ್ಣ, ಆ ನಗು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೆಲಸದಿಂದ ತಗೀತೇವಿ ಅಂದ್ರು ಸುಂದ್ರೀ, ಅಂದ, ನೆಲ ನೋಡುತ್ತ ಅಂದ, ಅವ್ವಗ ತಿಳಿದ್ರ ಬಾವಿ ಹಾರ್ತಾಳ, ಅದು ನಿಜ, ಅಣ್ಣನಿಗೆ ಎರಡೂ ಹೆಣ್ಣು, ಅವ್ವ ಮೊಮ್ಮಗನಿಗಾಗಿ ಲಚ್ಯಾಣದ ಮಠಕ್ಕೆ ಹರಕೆ ಹೊತ್ತಿದ್ದಾಳೆ, ಬಸವನ ಬಾಗೇವಾಡಿಗೆ ಬರಿಗಾಲಿನಲ್ಲಿ ಹೋಗಿ ಬಂದಿದ್ದಾಳೆ, ವೈನಿಯ ತೋಳಿನ ತುಂಬ ಊರೂರಿನ ದಾರಗಳು, ವೈನಿಗೆ ನಿಜ ಗೊತ್ತಿದೆಯೋ ಇಲ್ಲವೋ ಇಷ್ಟು ದಿನ ನೋಡಿಯೂ ನನಗೆ ತಿಳಿಯಲಿಲ್ಲ, ಅವ್ವ ಬಂಜರ ಹೊಲ ಎಂದು ಚುಚ್ಚಿದಾಗ ಆಕೆ ಒಲೆಯೊಳಗೆ ಇನ್ನೊಂದು ಕುಳ್ಳು ಇಡುತ್ತಾಳೆ, ಅಷ್ಟೇ. ನಿನಗ ಬೇಕಾರ ಕೇಳು, ಸಣ್ಣಗ ಹಚ್ಚಿ ಕೇಳು, ಆದ್ರ ಬಾಯಿ ಬಿಡಬ್ಯಾಡ, ಅಣ್ಣ ಹೇಳಿದ್ದು ಇದು, ಬಾಯಿ ಬಿಡದಿರುವುದು ನನಗೇನು ಕಷ್ಟದ ಕೆಲಸವೇ, ಬಾಯಿ ಬಿಡದ್ದಕ್ಕೇ ಅಲ್ಲವೇ ಸಾಲಿ ಬಿಟ್ಟದ್ದು, ಮಾಸ್ತರರು ಕೇಳುತ್ತಿದ್ದರು, ನನಗೆ ಬರುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಕೈ ಚಾಚು ಎನ್ನುತ್ತಿದ್ದರು, ಆಮೇಲೆ ಅಣ್ಣನ ಮೊದಲ ಮಗಳು ಹುಟ್ಟಿದಳು, ತೊಟ್ಟಿಲು ತೂಗಲು ಒಬ್ಬರು ಬೇಕಾಯಿತು, ನಾಲ್ಕನೇ ಇಯತ್ತೆಗೆ ಮುಗಿಯಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ನಾನೂ ಮಾಡಿಕೊಂಡಿಲ್ಲ ಎಂದು ತಿಳಿದಿದ್ದೆ.

ಮಧ್ಯಾಹ್ನ ಮನೆ ಖಾಲಿ, ಹೊಲದ ಕಡೆ ಎಲ್ಲರೂ, ನಾನು ಮತ್ತು ರಾಟಿ ಮತ್ತು ಉಣ್ಣೆ, ಉಣ್ಣೆಯೊಳಗೆ ರೇಡಿಯೋ, ಚೀಲಕ್ಕೆ ಕಿವಿ ಒತ್ತಿ ಗುಂಡಿ ತಿರುಗಿಸಿದರೆ ಮೊದಲು ಸಿಲೋನಿನ ಹಾಡು, ಆಮೇಲೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು, ಆ ಸದ್ದಿನ ಆಚೆ ಒಬ್ಬ ಹೆಂಗಸು, ಹಿಂದಿಯಲ್ಲಿ ಮಾತಾಡುತ್ತಿದ್ದಾರೆ, ನಮ್ಮ ಪಕ್ಕದ ಮನೆ ಜೋಹರಾಬಿಯ ಜೊತೆ ಬೆಳೆದವಳಿಗೆ ಅಷ್ಟು ಹಿಂದಿ ತಿಳಿಯುತ್ತದೆ, ಜರ್ಮನಿಯಿಂದ ಮಾತಾಡುತ್ತಿದ್ದೇವೆ, ನಮ್ಮ ಭಾಷೆ ಕಲಿಯಿರಿ, ನಾನು ಹೇಳುತ್ತೇನೆ, ನೀವು ಹೇಳಿ — ಎಂದು ಹೇಳಿ ಸುಮ್ಮನಾದರು. ರೇಡಿಯೋ ಕೆಟ್ಟಿತೆಂದು ತಿಳಿದೆ. ಕೆಟ್ಟಿರಲಿಲ್ಲ, ಕಾಯುತ್ತಿದ್ದರು, ಅಷ್ಟು ದೂರ ಕೂತು, ಸಮುದ್ರ ದಾಟಿ, ನಾನು ಹೇಳಲೆಂದು ಜಾಗ ಬಿಟ್ಟಿದ್ದರು, ನಾನು ಹೇಳದಿದ್ದರೂ ಬಯ್ಯಲಿಲ್ಲ, ಚೆನ್ನಾಗಿದೆ ಅಂದರು. ಮರುದಿನ ಹೇಳಿದೆ, ಉಣ್ಣೆಗೆ ಬಾಯಿ ಇಟ್ಟು, ನೂಲಿನ ಎಳೆಯಂತೆ ತೆಳ್ಳಗೆ. ಇನ್ನೊಂದು ಕಡೆ ರಷ್ಯಾದವರು ಸಿಕ್ಕರು, ಗಂಟಲು ದಪ್ಪದ ಗಂಡಸು, ಅವನಿಂದ ಎಣಿಕೆ ಕಲಿತೆ, ಕುರಿಮರಿಗಳನ್ನು ರಷ್ಯಾದ ಲೆಕ್ಕದಲ್ಲಿ ಎಣಿಸಿದೆ, ಮರಿಗಳು ತಕರಾರು ಮಾಡಲಿಲ್ಲ, ರೇಡಿಯೋದ ಶೆಲ್ಲು ಸೋತರೆ ಒಣಮೆಣಸಿನಕಾಯಿಯ ಜೊತೆ ಬಿಸಿಲಿಗೆ ಇಟ್ಟು ಮತ್ತೆ ಹಾಕಿದೆ, ಯಾತಕ್ಕೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ, ಜರ್ಮನಿಗೆ ಹೋಗುವವಳಲ್ಲ, ಸಿಂದಗಿಗೇ ವರ್ಷಕ್ಕೊಮ್ಮೆ ಹೋಗುವವಳು, ಆ ಮಾತಿನಲ್ಲಿ ನಾನು ಯಾರ ಮಗಳೂ ಅಲ್ಲ, ಯಾರೂ ನನಗೆ ಅದರಲ್ಲಿ ಬಯ್ದಿಲ್ಲ, ಇಷ್ಟೇ ಇರಬೇಕು. ಒಮ್ಮೆ ತಡೆಯಲಾರದೆ ಅಣ್ಣನಿಗೆ ಹೇಳಿದೆ, ಅಣ್ಣಾ, ಅವರು ರೊಟ್ಟಿಗಿ ಬ್ರೋಟ್ ಅಂತಾರ, ಅಣ್ಣ ನನ್ನ ತಟ್ಟೆಯ ರೊಟ್ಟಿ ಎತ್ತಿ ಅದರ ತೂತಿನಿಂದ ನನ್ನನ್ನು ನೋಡಿದ, ದುಂಡಗ ಬಡಿಯಾಕ ಕಲಿ ಮೊದಲ, ಹೆಸರ ಆಮ್ಯಾಲ ಇಡೂಣು, ಮಕ್ಕಳು ನಕ್ಕರು, ಅವ್ವ ಏನಂದಳು ಏನಂದಳು ಎಂದು ಕೇಳಿದಾಗ ಅಣ್ಣನ ಮುಖ ಬಿಳುಚಿತು, ಅಂದಿನಿಂದ ನನ್ನ ಕಡೆ ನೋಡುವಾಗೆಲ್ಲ ಅವನ ಕಣ್ಣು ಮೊದಲು ಉಣ್ಣೆಯ ಚೀಲಕ್ಕೆ ಹೋಗಿ ಆಮೇಲೆ ನನ್ನ ಬಾಯಿಗೆ ಬರುತ್ತಿತ್ತು, ಇನ್ನೊಂದ್ ಅಕ್ಷರ ಹೊರಗ ಬಂದ್ರ ಆ ರೇಡಿಯೋ ಕುಟ್ಟಿ ತಿಪ್ಪಿಗಿ ಹಾಕ್ತೇನಿ ಅಂದ. ಹೊರಗೆ ಬಾರದಂತೆ ಹೇಗೆ ಹಿಡಿಯುವುದು, ಬೀಸುವಾಗ ಬಂತು, ಹಿಟ್ಟು ನಾದುವಾಗ ಬಂತು, ವೈನಿ ಕೇಳಿದಳು, ಅವ್ವನಿಗೆ ಹೇಳಿದಳು, ಅವ್ವ ಕದದ ಹಿಂದೆ ನಿಂತು ಕೇಳಿಸಿಕೊಂಡಳು, ಮಂದಿ ಮುಂದ ಬಾಯಿ ಇಲ್ಲ, ಗ್ವಾಡಿ ಮುಂದ ಪುರಾಣ ಹಚ್ಚತಾಳ ಎಂದು ಮೊದಲು ಬಯ್ದಳು, ಆಮೇಲೆ ಹೆದರಿದಳು, ಇಂಡಿಯಿಂದ ಹೆಣ್ಣು ನೋಡಲು ಬಂದಿದ್ದವರು ಹುಡುಗಿ ಒಬ್ಬಾಕಿನ ಮಾತಾಡ್ತಾಳಂತ ಹೌದೇನ್ರಿ ಎಂದು ಕೇಳಿ ಹೋದವರು ತಿರುಗಿ ಬರಲಿಲ್ಲ, ಅಂದು ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಣ್ಣ ಉಣ್ಣುತ್ತಿದ್ದ. ಒಂದು ಮಾತು ಅಂದಿದ್ದರೆ ಸಾಕಿತ್ತು, ಅವ್ವಾ, ಅದು ಗಾಳಿ ಅಲ್ಲ, ರೇಡಿಯೋ, ಅಷ್ಟೇ, ಅನ್ನಲಿಲ್ಲ, ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡು ಬೇರೆ ಮಾತು ಅಂದ — ಅಮಾಸಿಗಿ ಸಿದ್ಧನ ಗುಡಿಗಿ ಕರ್ಕೊಂಡು ಹೋಗೂಣು.

ಯಾರ ನೀ, ಮತ್ತೆ ಕೇಳುತ್ತಾನೆ, ಲೋಬಾನದ ಹೊಗೆ ಮುಖಕ್ಕೆ ಬರುತ್ತಿದೆ, ಹಿಂದೆ ಯಾರೋ ಮುದುಕಿ, ದೊಡ್ಡ ಮನಿತನದ ದೆವ್ವ ಇರಬೇಕು ತಗೊ, ಸುಮ್ಮಸುಮ್ಮಕ ಬಾಯಿ ಬಿಡೂದಿಲ್ಲ, ಮೆಣಸಿನಕಾಯಿ ಹೊಗಿ ಹಾಕ್ರಿ, ಈಗಿಂದೀಗ ಹೆಸರ ಹೇಳತೈತಿ ಅನ್ನುತ್ತಾಳೆ, ಒಬ್ಬ ಬುಟ್ಟಿ ತರಲು ಎದ್ದಿದ್ದಾನೆ, ಸುಮ್ಮನಿದ್ದರೆ ಮೆಣಸಿನಕಾಯಿ, ನಿಜ ಹೇಳಿದರೆ, ರೇಡಿಯೋ ಐತ್ರೀ ಮನ್ಯಾಗ ಎಂದರೆ, ಎಲ್ಲಿಂದ ಬಂತು ಎಂದು ಅವ್ವ ಕೇಳುತ್ತಾಳೆ, ಇಷ್ಟು ಮಂದಿಯ ಎದುರು, ಅಂಗಳದಲ್ಲಿ ನಮ್ಮೂರ ಕಟ್ಟೆಯ ಮೇಲಿನವರೂ ಇದ್ದಾರೆ, ಕಂಬದ ಹತ್ತಿರ ಅಣ್ಣ ನಿಂತಿದ್ದಾನೆ, ನೋಡುತ್ತೇನೆ, ತಲೆ ಆಡಿಸುತ್ತಾನೆ, ಬೇರೆ ಯಾರಿಗೂ ಕಾಣದಷ್ಟು, ಬ್ಯಾಡ ಎಂದು, ನೀನು ಬೇಡ ಎಂದರೆ ಇಲ್ಲ ಅಣ್ಣಾ, ಹೇಳುವುದಿಲ್ಲ, ಆದರೆ ಇವನು ಕಾಯುತ್ತಿದ್ದಾನೆ, ಕೇಳಿದವನು ಕಾಯುತ್ತಿದ್ದಾನೆ, ಬಾಯಿ ತೆರೆಯಿತು — ಇಶ್ ಹೈಸೆ ಸುಂದರವ್ವ. ನನ್ನ ಹೆಸರು ಸುಂದರವ್ವ ಎಂದೆ, ಅವರ ಮಾತಿನಲ್ಲಿ, ಉಣ್ಣೆಯೊಳಗಲ್ಲ, ಹೊರಗೆ, ಗಟ್ಟಿಯಾಗಿ, ಡೊಳ್ಳು ನಿಂತಿತು, ನನ್ನ ಧ್ವನಿ ಹೀಗಿದೆಯೇ, ಗುಡಿಯ ಗೋಡೆಗೆ ಹೋಗಿ ತಿರುಗಿ ಬಂತು, ಅವ್ವನ ಹಿಡಿತ ಬಿಗಿಯಾಯಿತು, ಮಗಳ ಹೆಸರ ಹಿಡದೈತ್ರೀ, ಬಿಡೂದಿಲ್ಲ ಅನ್ನಾಕತ್ತೈತಿ, ಅಲ್ಲವ್ವಾ, ಹೆಸರು ಹೇಳಿದೆ ಅಷ್ಟೇ, ಯಾವೂರಾಕಿ, ಇಶ್ ಕೊಮ್ಮೆ ಆವ್ಸ್ ಯಂಕಂಚಿ, ಯಂಕಂಚಿಯಿಂದ ಬಂದಿದ್ದೇನೆ, ನಮ್ಮೂರಿಂದ ಐತಿ ಹಂಗಾರ ಎಂದು ಯಾರೋ ಎದೆ ಮುಟ್ಟಿಕೊಂಡರು, ಪರಸಪ್ಪ ಬೆತ್ತ ಕೆಳಗಿಟ್ಟು ಕೈ ಮುಗಿದ, ಏನ ಬೇಕು ತಾಯೀ ನಿನಗ. ಏನು ಬೇಕು. ಇದನ್ನು ನನಗೆ ಯಾರು ಕೇಳಿದ್ದಾರೆ. ನನಗೆ ಬೇಕಾದದ್ದು ಯಾವ ಪಾಠದಲ್ಲೂ ಬಂದಿಲ್ಲ, ಪಾಠದಲ್ಲಿ ಏನು ಬೇಕು ಎಂದರೆ ಹೋಟೆಲ್ಲಿನಲ್ಲಿ ಕೂತು ಹೇಳುವ ಉತ್ತರ ಒಂದೇ, ಹೇಳಿದೆ, ಐನೆನ್ ಕಾಫೆ, ಕಾಫಿ ಬೇಡತೈತಿ, ಚಹಾ ಅಲ್ಲ, ಕಾಫಿ, ಶೆಹರದಾಕಿ ಐತಿ ಎಂದಳು ಮುದುಕಿ, ನಮ್ಮ ಮನೆಯಲ್ಲಿ ಯಾರೂ ಕುಡಿದಿಲ್ಲ ಅದನ್ನು, ನಾನೂ, ನಗು ಬಂದುಬಿಟ್ಟಿತು, ನಕ್ಕೆ, ದೆವ್ವ ನಕ್ಕಿತು ಎಂದು ಮಂದಿ ಹಿಂದೆ ಸರಿದರು, ನಾನು ನಕ್ಕರೆ ಮಂದಿ ಸರಿಯುತ್ತಾರೆ, ಇನ್ನೂ ಕೇಳಲಿ, ಕೇಳುತ್ತಲೇ ಇರಲಿ, ಬರುವ ಉತ್ತರ ಬೇಕಾದಷ್ಟಿವೆ — ಯಾವಾಗ ಹೋಗ್ತಿ, ಪರಸಪ್ಪನ ಧ್ವನಿ ಬದಲಾಯಿತು.

ಯಾವಾಗ ಹೋಗ್ತಿ, ವಚನ ಕೊಡು, ನನ್ನ ನೆತ್ತಿಯಿಂದ ಒಂದು ಕುಚ್ಚು ಕೂದಲು ಎಳೆದು ಮೊಳೆಗೆ ಸುತ್ತುತ್ತಿದ್ದಾನೆ, ನನ್ನನ್ನು ಬಾಗಿಸಿ ಹುಣಸೆ ಮರದ ಬೊಡ್ಡೆಗೆ ತಲೆ ಒತ್ತಿಸಿದ್ದಾರೆ, ತೊಗಟೆ ಕೆನ್ನೆಗೆ ಚುಚ್ಚುತ್ತದೆ, ಕೇಳ ಶೇವಂತೆವ್ವಾ, ಪರಸಪ್ಪ ಅವ್ವನಿಗೆ ಹೇಳುತ್ತಾನೆ, ಮೊಳಿ ಬಡದು ದೆವ್ವಾನ ಗಿಡಕ್ಕ ಕಟ್ಟಿದ ಮ್ಯಾಲ ಆ ಮಾತ ಮತ್ತ ಈಕಿ ಬಾಯಾಗ ಬರಬಾರದು, ಬಂದ್ರ ಪೋರಿ ಉಳಿಯೂದಿಲ್ಲ, ಅವ್ವ ಹೂಂ ಹೂಂ ಎನ್ನುತ್ತಾಳೆ, ಇನ್ನು ಅವ್ವ ಹಗಲಿಡೀ ನನ್ನ ಬಾಯಿ ಕಾಯುತ್ತಾಳೆ, ಸಾಯಲಿ ಎಂದಲ್ಲ, ಬದುಕಲಿ ಎಂದು ಕಾಯುತ್ತಾಳೆ, ಬೀಸುವಾಗ, ನಾದುವಾಗ, ಒಂದು ಶಬ್ದ ಜಾರಿದರೂ ಎದೆ ಬಡಿದುಕೊಳ್ಳುತ್ತಾಳೆ, ಅಂಥ ಅವ್ವನ ಎದುರು ನಾನು ಹೇಗೆ ಆಡಲಿ, ಕಲಿತದ್ದು ಹೋಗುತ್ತದೆ, ಇಷ್ಟೂ ಹೋಗುತ್ತದೆ, ಮನಿ ಗಂಡಸು ಬಡೀಬೇಕು, ಬಾರೋ ಸಿದ್ದರಾಯ, ಪರಸಪ್ಪ ಕರೆಯುತ್ತಾನೆ, ಅಣ್ಣ ಕಂಬ ಬಿಟ್ಟು ಬರುತ್ತಾನೆ, ಕರಿ ಕಲ್ಲು ಎತ್ತಿಕೊಳ್ಳುತ್ತಾನೆ, ರಸ್ತೆಯಲ್ಲಿ ದಿನವೂ ಕಲ್ಲು ಎತ್ತುವ ಕೈ, ಉಗುರಿನ ಸಂದಿಯಲ್ಲಿ ಡಾಂಬರು, ಇಲ್ಲಿರುವವರಲ್ಲಿ ಇದು ದೆವ್ವವಲ್ಲ ಎಂದು ತಿಳಿದವನು ಅವನೊಬ್ಬನೇ, ಕಲ್ಲು ಮೇಲೆ ಹೋಯಿತು, ಹೇಳು, ಯಾವಾಗ ಹೋಗ್ತಿ, ಕಣ್ಣು ಹೊರಳಿಸಿದರೆ ಅವನ ಮುಖ ಕಾಣುತ್ತದೆ, ಕಲ್ಲಿನ ಕೆಳಗೆ ಮುಖ, ಇಶ್ ಬ್ಲೈಬೆ ಹೀರ್, ನಾನು ಇಲ್ಲೇ ಇರುತ್ತೇನೆ, ಪರಸಪ್ಪನಿಗಲ್ಲ, ಅವನಿಗೆ ಹೇಳಿದೆ, ತಿಳಿಯಲಿಲ್ಲ, ತಿಳಿಯದೆ ಹೇಗಿರುತ್ತದೆ, ಮಾತು ತಿಳಿಯದಿದ್ದರೂ ನನ್ನ ಧ್ವನಿ ಅವನಿಗೆ ಗೊತ್ತು, ಅವನ ಮಗಳನ್ನು ತೂಗಿದ ಧ್ವನಿ, ಕಲ್ಲು ಮೇಲೆ ಇದೆ, ಇನ್ನೊಮ್ಮೆ ಹೇಳಿದೆ, ಬಡಿಯೋ, ಯಾಕ ನಿಂತಿ, ಅವ್ವ ಕೂಗುತ್ತಾಳೆ, ನಿನ್ನ ತಂಗಿ ಸಾಯ್ತಾಳೋ, ಬಡಿಯೋ, ಕಲ್ಲು ಮೇಲೆ ಇದೆ, ಮೊಳೆಯ ಸುತ್ತ ನನ್ನ ಕೂದಲು, ಡಾಂಬರಿನ ಬೆರಳು ಐದೂ ಕಲ್ಲಿನ ಸುತ್ತ ಬಿಳಿಚಿವೆ, ಅಣ್ಣನ ಕೈ, ಕಲ್ಲು, ಮೇಲೆ, ಕಲ್ಲು, ಇನ್ನೂ ಮೇಲೆ