ಹಾಲಿಲ್ಲದ ಟೀ

"ಚೊಂಬು ಆಚೆಗಿಡಿ ತಾಯಿ," ಎಂದು ಚಲುವಯ್ಯ ಅಡ್ಡ ನಿಂತರು. ಮುದ್ದಯ್ಯ ಮೇಷ್ಟ್ರ ಪೆಟ್ಟಿಗೆಯನ್ನು ಆಗಷ್ಟೇ ಗುಂಡಿಗೆ ಇಳಿಸಿದ್ದರು. ಹಗ್ಗವನ್ನಿನ್ನೂ ಮೇಲೆಳೆದಿರಲಿಲ್ಲ.

"ಯಾಕಪ್ಪಾ? ನಾನು ಸತ್ತೋನ ತಂಗಿ, ದ್ಯಾವಮ್ಮ. ಬೂಕನಕೆರೆಯಿಂದ ಮೊದಲ್ನೇ ಬಸ್ಸಿಗೆ ಬಂದಿವ್ನಿ."

"ಬಂದದ್ದು ಸಂತೋಷ. ಆದ್ರೆ ಹಾಲುತುಪ್ಪ ಬಿಡೋ ಶಾಸ್ತ್ರ ನಮ್ಮಲ್ಲಿಲ್ಲ." ಚಲುವಯ್ಯ ಪಾಂಡವಪುರದ ಕ್ರೈಸ್ತ ಸಭೆಯ ಹಿರಿಯರು, ಇಂಥದ್ದರಲ್ಲಿ ಎಳ್ಳಷ್ಟೂ ಬಗ್ಗುವವರಲ್ಲ.

"ಹಾಲುತುಪ್ಪ ಮೂರ್ನೇ ದಿನಕ್ಕೆ ಕಣಪ್ಪ, ಅಷ್ಟೂ ಗೊತ್ತಿಲ್ವಾ? ಇದು ಆ ಹಾಲಲ್ಲ."

ಇಬ್ಬರೂ ಪಾಸ್ಟರು ಮರಿಸ್ವಾಮಿಯ ಮುಖ ನೋಡಿದರು. ಅವನ ಬೈಬಲಿನೊಳಗೆ ಹಳೆಯ ಹಾಳೆಗಳ ಮಡಿಕೆಯೊಂದಿತ್ತು. ಮಣ್ಣಿನ ಪ್ರಸಂಗಕ್ಕೆ, ಗುಂಡಿಯ ಬಳಿ ಹೇಳಬೇಕಾದ ಉಪದೇಶಕ್ಕೆ, ಹೊಸದೇನೂ ಅವನಿಗೆ ಹೊಳೆದಿರಲಿಲ್ಲ.

*

ಮುದ್ದಯ್ಯ ಮೇಷ್ಟ್ರು ಬೆಂಗಳೂರಿನ ಬ್ಯಾಪ್ಟಿಸ್ಟ್ ಸೆಮಿನರಿಯೊಂದರಲ್ಲಿ ಮೂವತ್ತೊಂದು ವರ್ಷ ದೈವಶಾಸ್ತ್ರ ಕಲಿಸಿದರು. ಅರಿಯದ ಕೂಸಿಗೆ ನೀರು ಚಿಮುಕಿಸಿದರೆ ದೀಕ್ಷಾಸ್ನಾನವಾಗದು, ಅರಿತವನು ತಾನಾಗಿ ನೀರಿಗಿಳಿದು ಮುಳುಗಬೇಕು ಎಂದು ನಾನೂರು ಪುಟದ ಪುಸ್ತಕ ಬರೆದರು. ಅದನ್ನು ಪೂರ್ತಿ ಓದಿದವರು ಕಡಿಮೆ, ಹೆದರಿದವರೇ ಬಹಳ. ಕೊನೆಯ ವರ್ಷದವರಿಗೆ ಅವರದೊಂದು ವಿಚಿತ್ರ ಪಾಠ: "ನಾನು ಸತ್ತಿದ್ದೀನಿ ಅಂದ್ಕೊಳ್ಳಿ. ನನ್ನ ಮಣ್ಣಿನ ಪ್ರಸಂಗ ಬರೀರಿ. ಯಾವ ಹೆಣಕ್ಕಾದರೂ ಒಪ್ಪುವ ಮಾತು ಬೇಡ."

ಆಗ ಅವರ ವಿದ್ಯಾರ್ಥಿಯಾಗಿದ್ದ ಮರಿಸ್ವಾಮಿ ಮೂರು ಪುಟ ಬರೆದಿದ್ದ. ಮಹಾವಿದ್ವಾಂಸರು, ಕರುಣಾಮಯಿ, ಎಲ್ಲಕ್ಕೂ ಕೆಂಪು ಗೀಟು ಬಿತ್ತು. ಉಳಿದದ್ದು ಒಂದೇ ಸಾಲು: 'ಇವರು ಹಾಲು ಮುಟ್ಟುವುದಿಲ್ಲ, ಟೀಗೂ ಹಾಕಿಕೊಳ್ಳುವುದಿಲ್ಲ.' ಪಕ್ಕದಲ್ಲಿ ಮೇಷ್ಟ್ರ ಅಕ್ಷರ: 'ನಿಜ. ಕಾರಣ?'

ಕೇಳುವ ಧೈರ್ಯ ಅವನಿಗೆ ಆಗ ಬರಲಿಲ್ಲ. ೧೯೮೬ರಲ್ಲಿ ಮೇಷ್ಟ್ರು ನಿವೃತ್ತರಾಗಿ ಪಾಂಡವಪುರಕ್ಕೆ ಬಂದು, ಎಂಟು ವರ್ಷ ಅವನದೇ ಸಭೆಯ ಮುಂದಿನ ಬೆಂಚಿನಲ್ಲಿ ಕೂತರು. ಆಗಲೂ ಬರಲಿಲ್ಲ.

*

"ಯಾವ ಹಾಲು ತಾಯಿ?" ಎಂದ ಮರಿಸ್ವಾಮಿ.

"ಅಣ್ಣ ಹೊಳೇಲಿ ಮುಳುಗಿ ನಿಮ್ಮೋನಾಗಿ, ಒದ್ದೆ ಬಟ್ಟೇಲೇ ಮನೆಗೆ ಬಂದ. ಅಪ್ಪ ಬಾಗ್ಲು ಹಾಕ್ಬುಟ್ಟ. ಅಂಗೇ ಗಡಗಡ ನಡುಗ್ತಾ ನಿಂತಿದ್ದ. ನಾನಾಗ ಅನ್ನೊಂದು ವರ್ಸದೋಳು, ಹಿತ್ಲಿಂದ ಕಾಸಿದ ಹಾಲು ತಗೊಂಡೋದೆ. 'ಅಪ್ಪಂಗೆ ಗೊತ್ತಾದ್ರೆ ನಿಂಗೂ ಬೀಳ್ತದೆ ಕಣವ್ವ. ಮಡಗಿರು, ಇನ್ನೊಂದಿನ ಬಂದು ಕುಡೀತೀನಿ' ಅಂದ. ಅಪ್ಪ ಓಗಿ ಮೂವತ್ತು ವರ್ಸ ಆಯ್ತು. ಇಲ್ಲೇ ಪಕ್ಕದಲ್ಲಿದ್ದನಂತೆ, ಬರಬೌದಿತ್ತಲ್ವಾ ಪಾಪಿ? ಮರ್ತೇಬುಟ್ಟ."

ಮರಿಸ್ವಾಮಿ ಮಡಿಕೆ ಬಿಚ್ಚಿ ಆ ಒಂದು ಸಾಲನ್ನು ಗಟ್ಟಿಯಾಗಿ ಓದಿದ.

"ಎಪ್ಪತ್ತೆಂಟರಲ್ಲಿ ಬರೆದದ್ದಮ್ಮ. ಸಾಯೋವರೆಗೂ ಅವರು ಹಾಲು ಮುಟ್ಟಲಿಲ್ಲ."

"ಒಂದು ತೊಟ್ಟೂ?"

"ಒಂದು ತೊಟ್ಟೂ."

ಚಲುವಯ್ಯ ಗುಂಡಿಯತ್ತ ಕೈ ತೋರಿದರು. "ಪಾಸ್ಟ್ರೇ, ಪ್ರಸಂಗ?"

"ಮುಗೀತು."

ದ್ಯಾವಮ್ಮ ಗುಂಡಿಯ ಅಂಚಿಗೆ ಬಂದಳು. ಮಣ್ಣು ಜಾರುತ್ತಿತ್ತು, ಚಲುವಯ್ಯ ಅವಳ ತೋಳು ಹಿಡಿದುಕೊಂಡರು. ಅವಳು ಬೆರಳದ್ದಿ ನೋಡಿದಳು.

"ಹಾಲು ಆರೋಗದೆ ಕಣಣ್ಣಾ," ಎಂದು ಚೊಂಬು ಬಗ್ಗಿಸಿದಳು.