ಮೂವತ್ತೆರಡನೆಯವರ ಕೋಟು

ಹನ್ನೊಂದು ವರ್ಷಗಳ ಹಿಂದೆ ಬೆಟ್ಟದ ಪ್ರವಾಸಕ್ಕೆ ಹೋದ ನಾನು ಇನ್ನೂ ಮರಳಿ ಬಂದಿಲ್ಲವೆಂಬ ಸಂಗತಿ ನನಗೆ ತಿಳಿದದ್ದು ಹದಿನಾಲ್ಕು ಜನರಿದ್ದ ಒಂದು ಸಭೆಯಲ್ಲಿ, ಬಾಯಿತುಂಬ ಬಿಸ್ಕತ್ತು ಇದ್ದ ಗಳಿಗೆಯಲ್ಲಿ. ಹಾಸ್ಯಲೇಖನ ಬರೆದು ಹೊಟ್ಟೆ ಹೊರೆಯುವುದೇ ಹಾಸ್ಯಾಸ್ಪದವೆಂದು ಬೇಗನೆ ಅರಿತ ನಾನು ಉಪಜೀವನಕ್ಕೆ ಕೈಪಿಡಿಗಳನ್ನು ಬರೆಯುತ್ತೇನೆ. ಬಟ್ಟೆ ಒಗೆಯುವ ಯಂತ್ರದಿಂದ ಹಿಡಿದು ರಕ್ತದೊತ್ತಡ ಅಳೆಯುವ ಯಂತ್ರದವರೆಗೆ, ನನ್ನ ಗದ್ಯವನ್ನು ಓದದೆಯೇ ಎಸೆದವರ ಸಂಖ್ಯೆ ದೊಡ್ಡದು. ಆ ಪ್ರವಾಸ ಕಂಪನಿಯವರು ತಮ್ಮ ಇಪ್ಪತ್ತೇಳು ವರ್ಷ ಹಳೆಯ ತಂತ್ರಾಂಶವನ್ನು ಕಿತ್ತುಹಾಕಿ ಹೊಸದನ್ನು ಕಟ್ಟಿಸುತ್ತಿದ್ದರು. ಅದರ ಕೈಪಿಡಿ ನನ್ನ ಪಾಲಿಗೆ ಬಂದಿತ್ತು. ಯಜಮಾನರು ನನ್ನನ್ನು ಪರಿಚಯಿಸುತ್ತ ಗೋಡೆಯತ್ತ ಕೈ ಚಾಚಿದರು. ಅಲ್ಲಿ ಗಾಜಿನ ಚೌಕಟ್ಟಿನೊಳಗೆ ನನ್ನದೇ ಹಳೆಯ ಪ್ರಬಂಧ ನೇತಾಡುತ್ತಿತ್ತು: ಇವರ ಬಸ್ಸಿನಲ್ಲಿ ಕುಳಿತು ಬೆಟ್ಟದ ಇಪ್ಪತ್ತೆರಡು ತಿರುವುಗಳನ್ನು ಇಳಿದು ಬಂದ ಪಯಣದ ರಸವತ್ತಾದ ವರ್ಣನೆ.

"ಸಾರ್ ಹೆಸರೇ ಹಾಕಿ ನೋಡ್ರೀ," ಎಂದರು ಯಜಮಾನರು. "ಹಳೇ ಸಿಸ್ಟಮ್ ಹೇಗ್ ಕೆಲಸ ಮಾಡತ್ತೆ ಅಂತ ಎಲ್ರೂ ನೋಡ್ಲಿ."

ಮೂಲೆಯಲ್ಲಿ, ತಮಗಿಂತ ಎರಡು ಅಳತೆ ದೊಡ್ಡದಾದ ಬೂದುಬಣ್ಣದ ಉಣ್ಣೆಯ ಕೋಟಿನೊಳಗೆ ಒಬ್ಬರು ಕೂತಿದ್ದರು. ಕೋಟು ಮೊದಲು ಬಂದು ಕುರ್ಚಿ ಹಿಡಿದಿದೆ, ಮನುಷ್ಯರು ಆಮೇಲೆ ಅದರೊಳಗೆ ಸೇರಿಕೊಂಡಿದ್ದಾರೆ ಎನ್ನುವಂತಿತ್ತು ಆ ದೃಶ್ಯ. ಅವರು ನಾಲ್ಕು ಕೀಲಿ ಒತ್ತಿದರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು.

"ಇವರು ಹೋಗಿದಾರೆ. ವಾಪಸ್ ಬಂದಿಲ್ಲ."

"ಬಂದಿಲ್ಲ ಅಂದ್ರೆ ಏನ್ರೀ? ಇಲ್ಲೇ ಕೂತು ಬಿಸ್ಕತ್ ತಿಂತಿದಾರಲ್ಲ!"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನಿಧಾನವಾಗಿ ನೋಡಿದರು. "ತಿಂತಿದಾರೆ," ಎಂದು ಒಪ್ಪಿಕೊಂಡರು. "ಬಂದಿಲ್ಲ."

ಸಭೆಗೆ ಹೇಳದ ಸತ್ಯವನ್ನು ಇಲ್ಲಿ ಹೇಳಿಬಿಡುತ್ತೇನೆ. ಬೆಟ್ಟ ಹತ್ತುವಾಗಲೇ ಆ ತಿರುವುಗಳು ನನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಪಕ್ಕದ ಸೀಟಿನ ಮಹಿಳೆಯ ಕೈಚೀಲಕ್ಕೆ ವರ್ಗಾಯಿಸಿದ್ದವು. ಮರುದಿನ ಆಕೆಯ ಮುಖ ನೋಡುವ ಧೈರ್ಯವಿಲ್ಲದೆ ನಾನು ಬೆಟ್ಟದ ಆಚೆ ಬದಿಯಿಂದ ನಡೆದಿಳಿದು, ಕಳ್ಳನಂತೆ ರೈಲು ಹಿಡಿದು ಮನೆ ಸೇರಿದ್ದೆ. ಬಸ್ಸಿನ ಮರುಪಯಣವನ್ನು ಬರೆದದ್ದು ಮನೆಯ ಮೇಜಿನ ಮುಂದೆ ಕುಳಿತು. ನಾನು ಬರೆದುದರಲ್ಲೆಲ್ಲ ಅದೇ ಅತ್ಯಂತ ಪ್ರಾಮಾಣಿಕವಾದ ಗದ್ಯವೆಂದು ಒಬ್ಬ ವಿಮರ್ಶಕರು ಹೇಳಿದ್ದೂ ಉಂಟು. ಸಭೆ ನಕ್ಕಿತು, ಬಿಸ್ಕತ್ತು ನೆತ್ತಿಗೇರಿತು. ನಗದೆ ಉಳಿದವರು ಕೋಟಿನವರೊಬ್ಬರೇ.

ಕಚೇರಿಯಲ್ಲಿ ಅವರನ್ನು ಎಲ್ಲರೂ ಎಣಿಕೆಯಣ್ಣ ಎನ್ನುತ್ತಿದ್ದರು. ವಯಸ್ಸು ಅರವತ್ತು. ಎಷ್ಟೇ ವಿಶಾಲವಾದ ಹಜಾರವಾದರೂ ಅವರು ನೇರವಾಗಿ ನಡೆದವರಲ್ಲ. ಒಂದು ಭುಜವನ್ನು ಮುಂದೆ ಮಾಡಿ, ಓರೆಯಾಗಿ, ಎರಡು ಸಾಲು ಸೀಟುಗಳ ನಡುವಿನ ಇಕ್ಕಟ್ಟಿನಲ್ಲಿ ಸಾಗುವವರಂತೆ, ದಾರಿಯ ಪ್ರತಿಯೊಂದು ಕುರ್ಚಿಯ ಬೆನ್ನನ್ನೂ ಬೆರಳ ತುದಿಯಿಂದ ಮುಟ್ಟುತ್ತ, ತುಟಿ ಅಲುಗಿಸುತ್ತ ಬರುತ್ತಿದ್ದರು. ಕುರ್ಚಿಯಲ್ಲಿ ಯಾರಾದರೂ ಇದ್ದರೆ ನಿಂತು, ಬಾಗಿ, ಮುಖವನ್ನು ನೋಡಿಯೇ ಮುಂದಕ್ಕೆ ಹೋಗುವುದು. ನಮಸ್ಕಾರವೆಂಬ ಪದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಬೆಳಿಗ್ಗೆ ಎದುರಾದರೆ "ಇದೀರಾ?" ಎನ್ನುವರು. "ಚೆನ್ನಾಗಿದೀನಿ" ಎಂದರೆ ಸಾಲದು. "ಇದೀನಿ" ಎನ್ನುವ ತನಕ ಎದುರಿನಿಂದ ಕದಲುತ್ತಿರಲಿಲ್ಲ. ಮೊದಮೊದಲು ನನಗಿದು ತಮಾಷೆಯಾಗಿ ಕಂಡಿತು. ವಾರ ಕಳೆಯುವಷ್ಟರಲ್ಲಿ, ಆ ಉತ್ತರ ಹೇಳುವ ಮುನ್ನ ಒಂದು ಕ್ಷಣ ನನ್ನನ್ನು ನಾನೇ ಒಳಗೊಳಗೆ ತಡವಿ ನೋಡಿಕೊಳ್ಳತೊಡಗಿದೆ.

ಇನ್ನು ಕೋಟು. ಸೆಕೆಯಲ್ಲಿ ಫ್ಯಾನು ಸೋತು ಕೈಚೆಲ್ಲಿದ ದಿನಗಳಲ್ಲೂ ಅದು ಅವರ ಮೈಮೇಲಿರುತ್ತಿತ್ತು. ನಾಲ್ಕು ಗುಂಡಿಗಳಲ್ಲಿ ಮೂರು ಕಪ್ಪು, ಮೂರನೆಯ ಜಾಗದ್ದೊಂದು ಮಾತ್ರ ಕಂದು. ಅಷ್ಟು ದೊಡ್ಡ ಜೇಬುಗಳಿದ್ದರೂ ಅವುಗಳಿಗೆ ಕೈ ಹಾಕಿದ್ದನ್ನು ಯಾರೂ ಕಂಡಿಲ್ಲ: ಬೀಗದ ಕೈ ಕೊರಳಲ್ಲಿ, ಕರವಸ್ತ್ರ ತೋಳಿನ ಮಡಿಕೆಯಲ್ಲಿ, ಪೆನ್ನು ಕಿವಿಯ ಮೇಲೆ. ಒಂದು ಮಧ್ಯಾಹ್ನ ಅವರು ಕೈತೊಳೆಯಲು ಅದನ್ನು ಕಳಚಿ ಮತ್ತೆ ತೊಡುವಾಗ ನಾನು ಸೌಜನ್ಯಕ್ಕೆಂದು ಭುಜ ಹಿಡಿದು ಎತ್ತಿಕೊಟ್ಟೆ. ಉಣ್ಣೆ ತಣ್ಣಗೆ ಕೊರೆಯುತ್ತಿತ್ತು, ಬೆರಳಿಗೆ ನೀರು ಹತ್ತಿತು. ಹೊರಗೆ ಒಂದು ತಿಂಗಳಿಂದ ಹನಿ ಮಳೆ ಬಿದ್ದಿರಲಿಲ್ಲ.

"ಒದ್ದೆಯಾಗಿದೆಯಲ್ಲ ಎಣಿಕೆಯಣ್ಣ?"

"ಅಲ್ಲಿ ಮಳೆ ಇರಬೇಕು," ಎಂದು ಗುಂಡಿ ಹಾಕಿಕೊಂಡು ಹೊರಟುಹೋದರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ ನಾನು ಆ ಸಂಜೆ ಮನೆಯಲ್ಲಿ ಅದೇ ಪ್ಯಾಂಟನ್ನು ಕಾರಣವಿಲ್ಲದೆ ಒಗೆಯಲು ಹಾಕಿದೆ. ಹೆಂಡತಿ ಅನುಮಾನದಿಂದ ನೋಡಿದಳು. ನಾನಾಗಿಯೇ ಬಟ್ಟೆ ಒಗೆಯಲು ಹಾಕಿದ್ದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲು.

ಹೊಸ ತಂತ್ರಾಂಶವನ್ನು ಕಟ್ಟಲು ಬಂದಿದ್ದ ತಜ್ಞೆಯ ಸಲಕರಣೆಗೆ ಲೋ-ಕೋಡ್ ಎಂದು ಹೆಸರು. ಸಾಲುಗಟ್ಟಲೆ ಕೋಡು ಬರೆಯುವ ಗೋಜಿಲ್ಲ; ಪರದೆಯ ಮೇಲೆ ಡಬ್ಬಿಗಳನ್ನು ಎಳೆದು ತಂದಿಡುವುದು, ಒಂದರಿಂದ ಇನ್ನೊಂದಕ್ಕೆ ಬಾಣ ಹಾಕುವುದು, ಅಷ್ಟೇ. ಹೀಗಾಗಿ ಆಕೆ ಎರಡೇ ದಿನದಲ್ಲಿ ಡಬ್ಬಿ ಮೇಡಂ ಆದರು. ಎಣಿಕೆಯಣ್ಣ ಬಾಯಲ್ಲಿ ಹೇಳುವುದು, ಆಕೆ ಡಬ್ಬಿ ಇಡುವುದು, ನಾನು ಅದನ್ನು ಕೈಪಿಡಿಗೆ ಇಳಿಸುವುದು. ಎಂಥ ಪ್ರಯಾಣಿಕರಿಗೆ ಮುಂದಿನ ಸೀಟು, ಯಾವ ತಿಂಗಳು ಯಾವ ದಾರಿ ಬಂದ್, ಗಂಡಹೆಂಡಿರು ಜಗಳವಾಡಿ ಬೇರೆ ಬೇರೆ ಸೀಟು ಕೇಳಿದರೆ ಏನು ಮಾಡುವುದು, ಎಲ್ಲಕ್ಕೂ ಆ ಹಳೆಯ ತಂತ್ರಾಂಶದೊಳಗೆ ಒಂದು ನಿಯಮವಿತ್ತು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು.

ಕೆಲಸ ಸಿಕ್ಕಿಕೊಂಡದ್ದು ಎಂಟರ ಬಳಿ. ಪ್ರತಿ ಪ್ರಯಾಣಿಕರ ಹೆಸರಿನ ಮುಂದೆಯೂ ಸ್ಥಿತಿ ತಿಳಿಸುವ ಒಂದು ಅಂಕಿ: ಒಂದು ಎಂದರೆ ಸೀಟು ಕಾದಿರಿಸಿದೆ, ಎರಡು ಎಂದರೆ ಹೊರಟರು, ಮೂರು ಎಂದರೆ ಮರಳಿದರು, ಹೀಗೆ ಏಳರವರೆಗೆ. ಎಂಟು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

"ಎಂಟು ಅಂದ್ರೆ ಏನಣ್ಣ?" ಎಂದರು ಡಬ್ಬಿ ಮೇಡಂ.

"ಬರಬೇಕು."

ಎಂಟರಲ್ಲಿ ನಿಂತವರು ಅರವತ್ತಮೂರು ಜನ. ಎಲ್ಲರೂ ಹೋದವರು, ಮರುಪಯಣದ ಟಿಕೆಟ್ಟನ್ನು ಬಳಸದವರು. ನನ್ನಂಥ ಹೇಡಿಗಳೇ ಹೆಚ್ಚು ಎಂದಿಟ್ಟುಕೊಳ್ಳೋಣ. ಪ್ರತಿ ಸಂಜೆ ಆರಕ್ಕೆ ದಿನದ ಕೆಲಸ ಮುಚ್ಚುವಾಗ ಹಳೆಯ ತಂತ್ರಾಂಶ ಒಬ್ಬೊಬ್ಬರದೇ ಹೆಸರು ತೋರಿಸಿ "ಕಾಯಬೇಕೇ?" ಎಂದು ಕೇಳುತ್ತಿತ್ತು. ಎಣಿಕೆಯಣ್ಣ ಅರವತ್ತಮೂರು ಸಲವೂ ಹೆಸರನ್ನು ಪೂರ್ತಿ ಓದಿ ಹೌದು ಎಂಬ ಕೀಲಿಯನ್ನು ಒತ್ತುತ್ತಿದ್ದರು. ಗುಮಾಸ್ತರು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು "ಹಾಜರಿ ಮುಗೀತಾ ಅಣ್ಣ? ಇವತ್ತಾದ್ರೂ ಯಾರಾದ್ರೂ 'ಎಸ್ ಸಾರ್' ಅಂದ್ರಾ?" ಎಂದು ಕಿಚಾಯಿಸುವರು.

ಯಜಮಾನರಿಗೆ ಕಿಚಾಯಿಸುವಷ್ಟು ತಾಳ್ಮೆ ಇರಲಿಲ್ಲ. "ತೊಂಬತ್ತು ದಿನ ಆದ್ಮೇಲೆ ತಾನಾಗೇ ಕ್ಲೋಸ್ ಆಗೋ ಹಾಗೆ ಒಂದು ಡಬ್ಬಿ ಹಾಕ್ಬಿಡಿ ಮೇಡಂ."

"ಹಾಕಿದ್ರೆ," ಎಂದರು ಎಣಿಕೆಯಣ್ಣ, "ನಾಳೆ ಅವರು ಟಿಕೆಟ್ ತೋರಿಸಿದಾಗ ಕಂಡಕ್ಟರ್ ಏನ್ ಹೇಳ್ತಾನೆ?"

"ಯಾರ್ರೀ ತೋರಿಸ್ತಾರೆ? ನಿಮ್ಮ ಪಟ್ಟೀಲಿ ಮೊದಲನೇದು ಮೂವತ್ತೊಂದು ವರ್ಷದ್ದು!"

ಎಣಿಕೆಯಣ್ಣನ ಕೈ ಆ ಕಂದು ಗುಂಡಿಯನ್ನು ಹಿಡಿದುಕೊಂಡಿತು. ಮುಂದಿನ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಡಬ್ಬಿ ಚಾಲೂ ಆಗುವುದೆಂದು ನಿಶ್ಚಯವಾಯಿತು.

ಕೋಟಿನ ಕಥೆಯನ್ನು ಅವರು ನನಗೆ ಹೇಳಿದ್ದು ಆ ಶುಕ್ರವಾರ, ಊಟದ ಡಬ್ಬಿಯನ್ನು ಮುಚ್ಚುತ್ತ, ಇನ್ಯಾರದೋ ವಿಷಯವೆಂಬಂತೆ. ಇಪ್ಪತ್ತೊಂಬತ್ತರ ಹರೆಯದಲ್ಲಿ ಅವರು ಇದೇ ಕಂಪನಿಯ ಬೆಟ್ಟದ ಬಸ್ಸಿಗೆ ಕಂಡಕ್ಟರು. ಮೇಲಿನ ನಿಲ್ದಾಣದಲ್ಲಿ ಮಂಜು, ಮಳೆ, ಬೇಗ ಹೊರಡುವ ಆತುರ. ಮುಂದಿನಿಂದ ಹಿಂದಿನವರೆಗೆ ತಲೆ ಎಣಿಸಿದರು: ಮೂವತ್ತೆರಡು. ಸರಿಯಾಗಿತ್ತು. ಸೀಟಿ ಊದಿದರು. ಕೆಳಗಿಳಿದ ಮೇಲೆ ನೋಡಿದರೆ ಕಡೆಯ ಸೀಟಿನಲ್ಲಿ ಕೂತಿದ್ದದ್ದು ಒಂದು ಕೋಟು. ಸೀಟಿನ ಬೆನ್ನಿಗೆ ಹಾಕಿದ್ದ ಬೂದು ಕೋಟಿನ ಎತ್ತಿದ ಕಾಲರನ್ನು ಅವರು ತಲೆಯೆಂದು ಎಣಿಸಿದ್ದರು. ಕೋಟಿನ ಒಡೆಯರು ಮೇಲೆಯೇ ಉಳಿದಿದ್ದರು. ಬಸ್ಸು ತಿರುಗಿ ಹತ್ತಿತು; ಅಲ್ಲಿ ಯಾರೂ ಇರಲಿಲ್ಲ. ನಾಲ್ಕು ದಿನ ಹುಡುಕಿದರು. ಆ ಪ್ರಯಾಣಿಕರು ಕೊಟ್ಟಿದ್ದ ವಿಳಾಸ ಒಂದು ವಸತಿಗೃಹದ್ದು, ಕೇಳಿಕೊಂಡು ಬರುವವರೂ ಇರಲಿಲ್ಲ. ನಾಲ್ಕು ವರ್ಷದ ಬಳಿಕ ಕಂಪನಿಗೆ ಗಣಕಯಂತ್ರ ಬಂದಾಗ ಎಣಿಕೆಯಣ್ಣ ಬಸ್ಸು ಬಿಟ್ಟು ಅದರ ಮುಂದೆ ಕೂತರು. ಪ್ರೋಗ್ರಾಂ ಬರೆಯುವವರಿಗೆ ಗಂಟುಬಿದ್ದು ಎಂಟನ್ನು ಸೇರಿಸುವಂತೆ ಮಾಡಿ, ಅದರೊಳಗೆ ಮೊದಲ ಹೆಸರಾಗಿ ಕೋಟಿನ ಒಡೆಯರದನ್ನು ಬರೆದರು.

"ಹಾಕ್ಕೊಂಡು ಯಾಕೆ ಓಡಾಡ್ತೀರಿ? ಬೀರೂನಲ್ಲಿ ಇಡಬಹುದಿತ್ತಲ್ಲ."

"ಬೀರೂನಲ್ಲಿಟ್ರೆ ಬಂದಾಗ ನನ್ನ ಗುರುತು ಹೇಗೆ ಹಿಡೀತಾರೆ ಸಾರ್?"

ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ನಾವು ಮೂವರೇ. ಹೊಸ ವ್ಯವಸ್ಥೆಯ ಪ್ರಯೋಗಕ್ಕೆಂದು ಆ ದಿನದ ಕಂಡಕ್ಟರುಗಳಿಗೆಲ್ಲ ಫೋನು ಕೊಟ್ಟಾಗಿತ್ತು: ಟಿಕೆಟ್ಟಿನ ಸಂಖ್ಯೆ ಒತ್ತಿದರೆ ದಾಖಲೆ ತೆರೆದಿದ್ದಲ್ಲಿ ಹಸಿರು, ಮುಚ್ಚಿದ್ದಲ್ಲಿ ಕೆಂಪು. ಹತ್ತೂ ಕಾಲಿಗೆ ಡಬ್ಬಿ ಮೇಡಂ ಹಳೆಯದನ್ನೂ ಹೊಸದನ್ನೂ ತಾಳೆ ನೋಡಿದರು. ಹಳೆಯದರಲ್ಲಿ ಎಂಟರವರು ಅರವತ್ತಮೂರು. ಹೊಸದರಲ್ಲಿ ಅರವತ್ತೆರಡು.

"ಡಬ್ಬಿ ಇನ್ನೂ ಆನ್ ಮಾಡೇ ಇಲ್ಲ," ಎಂದರು ಆಕೆ. ಮತ್ತೆ ಎಣಿಸಿದರು. ಮೂರನೆಯ ಸಲ ಎಣಿಸುವಾಗ ಆಕೆಯ ಧ್ವನಿ ತೆಳ್ಳಗಾಗಿತ್ತು. ಕಾಣೆಯಾದದ್ದು ಪಟ್ಟಿಯ ಮೊದಲ ಹೆಸರು. ಆ ಹೆಸರಿನ ಮುಂದೆ ಈಗ ಮೂರು ಎಂದಿತ್ತು. ಬಸ್ಸು: ಬೆಳಗಿನ ಬೆಟ್ಟದ ಬಸ್ಸು; ಹತ್ತಿದ ಸಮಯ: ಏಳು ಹತ್ತು; ಸೀಟು: ಮೂವತ್ತೆರಡು.

ಮೇಡಂ ಕಂಡಕ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಹೌದು ಮೇಡಂ, ಒಬ್ರು ಹಳೇ ಕಾಗದದ ಟಿಕೆಟ್ ತೋರಿಸಿದ್ರು. ನಾನೂ ಇದೇನಪ್ಪ ಇದು ಅಂತ ನಂಬರ್ ಒತ್ತಿದೆ, ಹಸಿರು ಬಂತು. ಹಸಿರು ಬಂದ್ರೆ ಕೂರಿಸಿ ಅಂತ ನೀವೇ ಹೇಳಿದ್ದು. ಏನಾದ್ರೂ ತಪ್ಪಾಯ್ತಾ?"

"ನೋಡಕ್ಕೆ ಹೇಗಿದ್ರು?"

"ಪೂರ್ತಿ ನೆಂದೋಗಿದ್ರು ಮೇಡಂ. ಪಾಪ, ಆ ಚಳೀಲಿ ಒಂದು ಕೋಟೂ ಇಲ್ಲ. ಈಗ ಸ್ಟ್ಯಾಂಡಲ್ಲಿ ಇಳಿದ್ರು. ಆಫೀಸ್ ಎಲ್ಲಿ ಅಂತ ಕೇಳ್ಕೊಂಡು ಹೋದ್ರು."

ಬಸ್‌ಸ್ಟ್ಯಾಂಡಿನಿಂದ ಕಚೇರಿಗೆ ನಡೆದು ಬರಲು ಆರು ನಿಮಿಷ. ನನಗೆ ಆ ಕ್ಷಣದಲ್ಲೇ ಮನೆಯಲ್ಲಿ ಗ್ಯಾಸು ಆರಿಸಿಲ್ಲವೆಂಬುದು ನೆನಪಾಯಿತು. ನಮ್ಮ ಮನೆಯಲ್ಲಿರುವುದು ವಿದ್ಯುತ್ ಒಲೆ. ಮೇಡಂ ಚೀಲ ಎತ್ತಿಕೊಂಡಾಗಿತ್ತು. ಎಣಿಕೆಯಣ್ಣ ಎದ್ದು ನಿಂತು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಭುಜದ ಮೇಲಿನ ನೂಲಿನೆಳೆಯನ್ನು ಉಗುರಿನಿಂದ ತೆಗೆದು, ಅದನ್ನು ಕುರ್ಚಿಯ ಬೆನ್ನಿಗೆ ಹಾಕಿದರು. ಕಾಲರು ಎತ್ತಿಕೊಂಡು ನಿಂತಿತು. ಕೋಟಿಲ್ಲದ ಅವರನ್ನು ನಾನು ಸರಿಯಾಗಿ ನೋಡಿದ್ದು ಆಗಲೇ: ಎಷ್ಟು ಸಣ್ಣ ಮನುಷ್ಯರು! "ನೀವು ಹೋಗಿ ಬನ್ನಿ ಸಾರ್," ಎಂದರು. "ನಾನಿದೀನಿ." ಹೊರಗೆ ಬಿಸಿಲಿತ್ತು. ನಾವಿಬ್ಬರೂ ಬಸ್‌ಸ್ಟ್ಯಾಂಡಿನ ದಿಕ್ಕನ್ನು ಬಿಟ್ಟು, ಸುತ್ತುದಾರಿ ಹಿಡಿದು ಹೋದೆವು.

ಸೋಮವಾರ ಎಣಿಕೆಯಣ್ಣ ಬರೀ ಅಂಗಿಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿಯ ಕೆಳಗೆ ನೆಲದ ಮೇಲೆ ತಟ್ಟೆಯಗಲದ ಒದ್ದೆ ಗುರುತು. ಕೇಳಿದವರು ಮೇಡಂ.

"ಬಂದಿದ್ರಾ ಅಣ್ಣ? ಏನಂದ್ರು?"

"ಮೂರನೇ ಗುಂಡಿ ಬಣ್ಣ ಬೇರೆ ಅಂತ ಸ್ವಲ್ಪ ಬೇಜಾರ್ ಮಾಡ್ಕೊಂಡ್ರು."

ಯಜಮಾನರು ಕಂಡಕ್ಟರನ್ನು ಕರೆಸಿ ಎರಡು ಸಲ ವಿಚಾರಿಸಿ, ಹಣೆ ಒರೆಸಿಕೊಂಡು, ಆ ತೊಂಬತ್ತು ದಿನದ ಡಬ್ಬಿಯ ಮಾತನ್ನು ಮತ್ತೆ ಎತ್ತಲಿಲ್ಲ. ಅದರ ಜಾಗದಲ್ಲಿ ಮೇಡಂ "ಕಾಯಬೇಕೇ?" ಎಂಬ ಹೊಸ ಡಬ್ಬಿ ಇಟ್ಟರು; ಅದರಿಂದ ಹೊರಟ ಬಾಣ ಸುತ್ತಿ ಬಂದು ಅದನ್ನೇ ಮುಟ್ಟುತ್ತದೆ. ಸಂಜೆ ಆರಕ್ಕೆ ಹಾಜರಿ ಈಗಲೂ ನಡೆಯುತ್ತದೆ, ಅರವತ್ತೆರಡು ಹೆಸರು. ಬಾಗಿಲಲ್ಲಿ ನಿಂತು ಯಾರೂ ಕಿಚಾಯಿಸುವುದಿಲ್ಲ.

ಎಲ್ಲ ಕಸುಬುಗಳಲ್ಲೂ ಇಂಥವರೊಬ್ಬರು ಇರುತ್ತಾರೆ. ಜೀವಮಾನದಲ್ಲಿ ಒಂದೇ ಒಂದು ಸಲ ಎಣಿಕೆ ತಪ್ಪಿ, ಆಮೇಲೆ ಉಳಿದ ಆಯುಷ್ಯವನ್ನೆಲ್ಲ ಎಣಿಸುತ್ತಲೇ ಕಳೆಯುವವರು. ಹೊಸದೇನಾದರೂ ಬಂದಾಗ ನಾವು ಮೊದಲು ಅಡ್ಡಿಯೆಂದು ಹೆಸರಿಸುವುದೂ ಅವರನ್ನೇ. ಮುಗಿಯಿತೆಂದು ನಾವು ಮುಚ್ಚಿ ಮನೆಗೆ ಹೋದದ್ದನ್ನು ಅವರು ನಂಬುವುದಿಲ್ಲ. ಅವರ ಹಟ ನಮಗೆ ಕಿರಿಕಿರಿ. ಆದರೆ ಮಂಜು ಕವಿದ ಯಾವುದೋ ನಿಲ್ದಾಣದಲ್ಲಿ ನೆನೆಯುತ್ತ ನಿಂತವರಿಗೆ, ತಮ್ಮ ಹೆಸರನ್ನು ಯಾರೋ ದಿನವೂ ಪೂರ್ತಿ ಓದುತ್ತಿದ್ದಾರೆ ಎನ್ನುವುದಕ್ಕಿಂತ ದೊಡ್ಡ ಆಸರೆ ಇನ್ನೇನಿದ್ದೀತು? ಹೀಗೆಂದು ಬರೆದು ನಾನು ದೊಡ್ಡ ಮನುಷ್ಯನಂತೆ ಪೆನ್ನು ಕೆಳಗಿಡಬಹುದಿತ್ತು. ಆದರೆ ಆ ಅರವತ್ತೆರಡರಲ್ಲಿ ನನ್ನ ಹೆಸರೂ ಇದೆ.

ಕೈಪಿಡಿಯನ್ನು ಒಪ್ಪಿಸಿದ ದಿನ, ನಗುನಗುತ್ತ ಕೇಳಿದಂತೆ ಮಾಡಿ ಕೇಳಿಯೇಬಿಟ್ಟೆ. "ಎಣಿಕೆಯಣ್ಣ, ಹನ್ನೊಂದು ವರ್ಷದಿಂದ ಇದೇ ಊರಲ್ಲಿ ಓಡಾಡ್ಕೊಂಡಿದೀನಿ. ನನ್ನ ಎಂಟನ್ನ ಮೂರು ಮಾಡ್ಬಿಡಬಹುದಲ್ಲ?"

ಅವರು ಎದ್ದು, ಓರೆಯಾಗಿ ನಡೆದು ಬಂದು, ನಾನು ಕೂತಿದ್ದ ಕುರ್ಚಿಯ ಬೆನ್ನನ್ನು ಬೆರಳಿನಿಂದ ಮುಟ್ಟಿ, ಬಾಗಿ ನನ್ನ ಮುಖವನ್ನು ನೋಡಿದರು.

"ಅದಕ್ಕೇನ್ ಸಾರ್, ಮಾಡೋಣ," ಎಂದರು. "ನೀವು ಬಂದ ತಕ್ಷಣ."