ಕೂಡಲಿಕ್ಕೊಂದು ಸಿಂಬಿ

ಗೋಕಾಕದ ದವಾಖಾನೆಯಲ್ಲಿ ಹೆರಿಗೆಯಾಗಿ, ಚಕ್ಕಡಿಯಲ್ಲಿ ಮಮದಾಪುರಕ್ಕೆ ಮರಳಿ ಹತ್ತು ದಿನವಾದರೂ ಹೊಲಿಗೆಯ ನೋವು ಮಾಯವ್ವನನ್ನು ಕೂಡಲು ಬಿಟ್ಟಿರಲಿಲ್ಲ. ಕೂಸು ನೋಡಲು ಬಂದವರೆಲ್ಲ, "ಎದ್ದು ಕೂಡವಾ, ಎಷ್ಟಂತ ಮಲಗತಿ?" ಎನ್ನುತ್ತಿದ್ದರು. ಉತ್ತರ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಹಾಲೂಡಿಸಲು ಕೂಡೆಂದು ಅತ್ತೆ ಲಕ್ಕವ್ವ ಕಟ್ಟಿಗೆಯ ಮಣೆ ತಂದಿಟ್ಟಾಗ ತಾಳ್ಮೆ ಕೆಟ್ಟಿತು.

"ಅದರ ಮ್ಯಾಲ ನೀವ ಕೂಡ್ರಿ ಅತ್ತಿ," ಎಂದವಳೇ ಮಾಯವ್ವ ಹಳೆಯ ಸೀರೆಯನ್ನು ಹುರಿ ಮಾಡಿ ಸುತ್ತಿದಳು. ನೀರು ಹೊರುವಾಗ ಕೊಡದಡಿ ಇಡುವಂಥದೇ ಸಿಂಬಿ, ಆದರೆ ಮೂರುಪಟ್ಟು ದೊಡ್ಡದು. ಅದರ ಮೇಲೆ ಮೆಲ್ಲಗೆ ಕುಳಿತಳು. ನಡುವೆ ಖಾಲಿ ಇದ್ದುದರಿಂದ ಹೊಲಿಗೆಗೆ ಏನೂ ಒತ್ತಲಿಲ್ಲ.

"ತಲಿ ಮ್ಯಾಲ ಇಡೂ ಸಿಂಬಿ ಮ್ಯಾಲ ಯಾರರ ಕೂಡ್ತಾರೇನ?" ಲಕ್ಕವ್ವ ಗೊಣಗಿದಳು.

"ಹೊಲಿಗಿ ತಲಿಗೆ ಹಾಕಿಲ್ರಿ."

ಲಕ್ಕವ್ವ ಸೊಸೆಯ ಬೆವೆತ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಣೆಯನ್ನು ಎತ್ತಿಕೊಂಡು ಹೋಗಿ ಬಾಗಿಲಲ್ಲಿ ತಾನೇ ಕುಳಿತು, ಬಂದ ನೆರೆಯವರಿಗೆ, "ನಾಳೆ ಬರ್ರಿ," ಎಂದಳು.

ಇನ್ನೆರಡು ವಾರಕ್ಕೆ ಮಾಯವ್ವ ಗೋಡೆ ಹಿಡಿಯದೆ ಹಿತ್ತಲತನಕ ನಡೆದು ಬಂದಳು. ಸಿಡುಕು ಇಳಿಯಲು ಮಾತ್ರ ಇನ್ನೂ ಕೆಲವು ದಿನ ಬೇಕಾಯಿತು.